ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ: ಕೊಳ್ಳುವುದರಿಂದ ಸಾಕುವವರೆಗೆ, ಯಾವುದು ಮೊದಲು, ಯಾವುದು ಆಮೇಲೆ

"ಸರ್, ಜಿಟಿ ತಗೊಂಡೆ. ಅಲಾಯ್ ಹಾಕಿಸಿದೆ, ರೀಮ್ಯಾಪ್ ಮಾಡಿಸಿದೆ. ಈಗ ರಿವರ್ಸ್ ಬೀಳ್ತಿಲ್ಲ."

ಈ ಮಾತು ನನ್ನ ಫೋನಿಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಊರು ಬೇರೆ, ಕಾರಿನ ಬಣ್ಣ ಬೇರೆ, ಕಥೆ ಒಂದೇ. ಕೊಂಡ ವಾರಕ್ಕೇ ಕಣ್ಣಿಗೆ ಕಾಣುವ ಕೆಲಸಕ್ಕೆಲ್ಲ, ಪವರ್ ಏರಿಸಲು ಎಂಜಿನ್ ಸಾಫ್ಟ್‌ವೇರ್ ತಿದ್ದುವ ರೀಮ್ಯಾಪ್‌ಗೆಲ್ಲ ದುಡ್ಡು ಸುರಿದಿರುತ್ತಾರೆ. ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ "ಹಳೇ ಓನರ್ ಮಾಡಿಸಿದ್ರಂತೆ" ಅನ್ನುತ್ತಾರೆ. ಬಿಲ್ ಇದೆಯಾ ಅಂದರೆ ಇಲ್ಲ.

ಹಾಗಾಗಿ ಇಲ್ಲಿ ಫೋಕ್ಸ್‌ವ್ಯಾಗನ್ (ವಿಡಬ್ಲ್ಯೂ) ಕಂಪನಿಯ ಈ ಕಾರಿನ ಗುಣಗಾನ ಇಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಅಷ್ಟೇ. "ಇದೆಂಥ ಸ್ಪೋರ್ಟ್ಸ್ ಕಾರು, ನಾಲ್ಕು ಬಾಗಿಲು ಇದೆಯಲ್ಲ" ಅನ್ನುವವರ ಜೊತೆ ನಾನು ಜಗಳಕ್ಕೆ ಬರುವುದಿಲ್ಲ. ನಮ್ಮ ಬಜೆಟ್‌ನಲ್ಲಿ, ನಮ್ಮ ಹಂಪ್‌ಗಳ ಮೇಲೆ, ಮನೆಮಂದಿಯನ್ನೂ ಕೂರಿಸಿಕೊಂಡು ಹೋಗಬಹುದಾದ ಜೋರು ಗಾಡಿ ಅಂದರೆ ಬಹಳ ಜನ ಬಂದು ನಿಲ್ಲುವುದು ಇದರ ಮುಂದೆಯೇ.

ಹಂತ 1: ಯಾವ ಜಿಟಿ, ಎಷ್ಟು ದುಡ್ಡು

ಜಾಹೀರಾತಿನಲ್ಲಿ ಬರೀ "ಪೋಲೋ ಜಿಟಿ" ಅಂತ ಇದ್ದರೆ ಮೊದಲು ಯಾವುದು ಅಂತ ಕೇಳಿ. ಜಿಟಿ ಟಿಡಿಐ ಡೀಸೆಲ್, ಮ್ಯಾನ್ಯುಯಲ್ ಗೇರು, ಅದು ಬೇರೆಯೇ ಗಾಡಿ. ಜಿಟಿ ಟಿಎಸ್‌ಐ ಪೆಟ್ರೋಲ್. ಅದರಲ್ಲೂ ಎರಡು ಥರ.

2013ರಲ್ಲಿ ಬಂದದ್ದು 1.2 ಲೀಟರ್, ನಾಲ್ಕು ಸಿಲಿಂಡರ್ ಟರ್ಬೊ. 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್, ಜೊತೆಗೆ ಏಳು ಗೇರಿನ, ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ ಡಿಎಸ್‌ಜಿ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ 1.0 ಲೀಟರ್, ಮೂರು ಸಿಲಿಂಡರ್, 110 ಪಿಎಸ್. ಇದರ ಗೇರ್‌ಬಾಕ್ಸ್ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ಅಂದರೆ ಒಣ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವಂಥದ್ದು. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ತಯಾರಿಕೆಯೇ ನಿಂತಿತು.

ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಆಫೀಸಿಗೆ ಹೋಗುವವರು 1.0 ನೋಡಿ, ಅದರ ಗೇರ್‌ಬಾಕ್ಸ್‌ಗೆ ತಾಳ್ಮೆ ಜಾಸ್ತಿ. ಗೇರ್ ಬೀಳುವ ಚುರುಕೇ ಬೇಕು, ವಾರಕ್ಕೆ ಎರಡು ಮೂರು ದಿನ ಓಡಿಸಿದರೆ ಸಾಕು ಅನ್ನುವವರಿಗೆ 1.2. ಕೆಳಗೆ ನಾನು ಹೇಳುವುದೆಲ್ಲ ಮುಖ್ಯವಾಗಿ 1.2 ಡಿಎಸ್‌ಜಿ ಬಗ್ಗೆ. ಅಗ್ಗಕ್ಕೆ ಸಿಗುವುದು ಅದೇ, ಜನ ಎಡವುವುದೂ ಅಲ್ಲೇ.

ದುಡ್ಡಿನ ವಿಷಯದಲ್ಲಿ ನನ್ನದೊಂದು ಲೆಕ್ಕ: ಕೈಯಲ್ಲಿ ನಾಲ್ಕು ಪಾಲು ಇದ್ದರೆ ಮೂರು ಪಾಲಿನ ಕಾರು ನೋಡಿ. ಉಳಿದ ಒಂದು ಪಾಲು ಬ್ಯಾಂಕಿನಲ್ಲೇ ಇರಲಿ. ಡಿಎಸ್‌ಜಿ ಒಳಗಿನ, ಕ್ಲಚ್ ಮತ್ತು ಗೇರು ಆಡಿಸುವ ಮೆಕಟ್ರಾನಿಕ್ಸ್ ಪೆಟ್ಟಿಗೆ ಹೊಸದು ಹಾಕಿಸಬೇಕಾಗಿ ಬಂದರೆ ಬಿಲ್ ಲಕ್ಷ ದಾಟುತ್ತದೆ. ಇದ್ದಬದ್ದದ್ದನ್ನೆಲ್ಲ ಕಾರಿಗೇ ಕೊಟ್ಟು ಬಂದವರು ಆಮೇಲೆ ಕೆಟ್ಟ ಗೇರ್‌ಬಾಕ್ಸ್ ಇಟ್ಟುಕೊಂಡು ಮೂರು ತಿಂಗಳು ಬೇಸ್‌ಮೆಂಟ್‌ನಲ್ಲಿ ಧೂಳು ಹಿಡಿಸುತ್ತಾರೆ.

ಹಂತ 2: ನೋಡಲು ಹೋಗುವಾಗ ಬ್ಯಾಗಿನಲ್ಲಿ ಏನಿರಬೇಕು

ಒಳ್ಳೆ ಟಾರ್ಚ್. ಮೊಬೈಲ್ ಬೆಳಕು ಸಾಲದು. ಫ್ರಿಜ್ಜಿಗೆ ಅಂಟಿಸುವ ಥರದ ತೆಳು ಮ್ಯಾಗ್ನೆಟ್, ಒಂದು ತೆಳು ಬಟ್ಟೆ. ಕಾರಿನ ಕೆಳಗೆ ಇಣುಕಲು ಹಳೇ ಬೆಡ್‌ಶೀಟ್. ಸೀಟಿನ ಹಳಿಯ ಹಿಂದೆ ನೋಡಲು ಚಿಕ್ಕ ಕನ್ನಡಿ. ಟಿಶ್ಯೂ ಪೇಪರ್.

ಎಲ್ಲಕ್ಕಿಂತ ಮುಖ್ಯ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳ ಕೋಡ್ ಓದುವ ಸ್ಕ್ಯಾನರ್. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಾಂಗಲ್ ಸಾಮಾನ್ಯವಾಗಿ ಎಂಜಿನ್ನಿನ ದೋಷದ ಕೋಡ್ ಮಾತ್ರ ಓದುತ್ತದೆ. ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಒಳಹೊಕ್ಕು ಓದಲು ಈ ಕಂಪನಿಯ ಕಾರುಗಳಿಗೆ ಅಂತಲೇ ಇರುವ ವಿಸಿಡಿಎಸ್ ಥರದ್ದು ಬೇಕು. ನಿಮ್ಮ ಬಳಿ ಇಲ್ಲದಿದ್ದರೆ ಇರುವ ಮೆಕ್ಯಾನಿಕ್‌ನ ಅರ್ಧ ದಿನಕ್ಕೆ ದುಡ್ಡು ಕೊಟ್ಟು ಕರೆದುಕೊಂಡು ಹೋಗಿ. "ನಮ್ಮ ಹುಡುಗ ಬಂದು ನೋಡ್ತಾನೆ, ಫ್ರೀ" ಅಂತ ಮಾರುವವನೇ ಹೇಳಿದರೆ ಆ ಹುಡುಗ ಬೇಡ.

ಹಂತ 3: ಬಾಡಿ, ನೀರು, ಮೀಟರ್

ಹಗಲಿನಲ್ಲೇ ಹೋಗಿ. ಆಗಷ್ಟೇ ತೊಳೆದು ನಿಲ್ಲಿಸಿದ್ದರೆ ನೀರು ಆರುವವರೆಗೆ ಕಾಯಿರಿ. ಒದ್ದೆ ಕಾರಿನ ಪೇಂಟ್ ಸುಳ್ಳು ಹೇಳುತ್ತದೆ.

ಬಾನೆಟ್ ಎತ್ತಿ ಅದರ ಹಿಂಜ್‌ ಬೋಲ್ಟ್ ನೋಡಿ. ಬೋಲ್ಟಿನ ಮೂಲೆಯಲ್ಲಿ ಪೇಂಟ್ ಎದ್ದಿದ್ದರೆ ಸ್ಪ್ಯಾನರ್ ತಾಗಿದೆ ಅಂತ ಅರ್ಥ. ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿ ಫೆಂಡರ್, ಬಾಗಿಲು, ಹಿಂದಿನ ಕ್ವಾರ್ಟರ್ ಪ್ಯಾನೆಲ್ ಮೇಲೆ ಇಟ್ಟು ನೋಡುತ್ತ ಹೋಗಿ. ಒಂದು ಕಡೆ ಹಿಡಿಯದೆ ಜಾರಿದರೆ ಕೆಳಗೆ ಪುಟ್ಟಿ ದಪ್ಪಕ್ಕಿದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಈ ಆಟ ನಡೆಯುವುದಿಲ್ಲ. ಎಲ್ಲ ಗಾಜಿನ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಏಕೆ ಅಂತ ಕೇಳಿ. ಬದಿಯಲ್ಲಿ ಗೀರು, ಚಿಕ್ಕ ಗುದ್ದು ಇದ್ದರೆ ಪರವಾಗಿಲ್ಲ, ಬೆಂಗಳೂರಿನ ಗಾಡಿಗೆ ಅದು ಮಾಮೂಲು. ಮುಂದಿನ ಚಾಸಿ ರೈಲು, ರೇಡಿಯೇಟರ್ ಹಿಡಿದ ಫ್ರೇಮು ಬಗ್ಗಿದ್ದರೆ ಮಾತ್ರ ಟಾರ್ಚ್ ಬ್ಯಾಗಿಗೆ ಹಾಕಿ ಮನೆಗೆ ಬನ್ನಿ.

ನೀರು ಹೊಕ್ಕ ಗಾಡಿ ಇನ್ನೊಂದು ತಲೆನೋವು. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಔಟರ್ ರಿಂಗ್ ರೋಡ್ ಆಸುಪಾಸು ಬೇಸ್‌ಮೆಂಟ್‌ಗಳಿಗೆ ನುಗ್ಗಿದ ನೀರು, ಎರಡರಲ್ಲೂ ಕಾರುಗಳು ಮುಳುಗಿದವು. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದ್ದರೆ ಬೇರೇನೂ ನೋಡಬೇಕಿಲ್ಲ. ಅಲ್ಲಿ ಶುಚಿ ಇದ್ದರೆ ಕಾರ್ಪೆಟ್ ಅಂಚು ಎತ್ತಿ ಮೂಸಿ ನೋಡಿ, ಸೀಟಿನ ಕೆಳಗಿನ ಬೋಲ್ಟಿಗೆ ತುಕ್ಕಿದೆಯೇ ಅಂತ ಕನ್ನಡಿ ಹಿಡಿದು ನೋಡಿ. ಸುಗಂಧದ ಡಬ್ಬಿ ಎರಡೆರಡು ಇಟ್ಟಿದ್ದರೆ ನನಗಂತೂ ಆಗಲೇ ಅನುಮಾನ.

ಮೀಟರ್ ತಿರುಗಿಸಿದ್ದಾರೋ ಅಂತ ತಿಳಿಯಲು ಬ್ರೇಕ್ ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಡ್ರೈವರ್ ಸೀಟಿನ ಬಲ ಅಂಚು ನೋಡಿ. 40,000 ಕಿ.ಮೀ. ಓಡಿದ ಕಾರಿನಲ್ಲಿ ಇವು ಮೂರೂ ಸವೆದು ಹೊಳೆಯುವುದಿಲ್ಲ. ಸರ್ವಿಸ್ ಬಿಲ್‌ಗಳಲ್ಲಿ ಕಿಲೋಮೀಟರ್ ಏರುತ್ತ ಹೋಗಿದೆಯೇ ಅಂತ ಒಂದೊಂದಾಗಿ ಹೋಲಿಸಿ.

ಹಂತ 4: ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವುದು

"ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ರಾತ್ರಿಯೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ "ಇನ್ನೊಂದು ದಿನ ಬರ್ತೀನಿ" ಅನ್ನಿ. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ.

ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಕಿವಿ ಕೊಡಿ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಗರಗರ ಸದ್ದು ಬಂದು ನಿಂತರೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಚೈನ್ ಸಡಿಲವಾಗಿರಬಹುದು. ಈ ಕಂಪನಿಯ 1.2 ಟಿಎಸ್‌ಐ ಎಂಜಿನ್ ಚೈನ್ ಇರುವುದೂ ಇದೆ, ಬೆಲ್ಟ್ ಇರುವುದೂ ಇದೆ. ಎಂಜಿನ್ನಿನ ಮಾದರಿ ತಿಳಿಸುವ ಕೋಡ್ ಬರೆದುಕೊಂಡು, ಇದರಲ್ಲಿ ಯಾವುದಿದೆ ಅಂತ ಬಿಡಿಭಾಗದ ಅಂಗಡಿಯಲ್ಲಿ ಖಚಿತ ಮಾಡಿಕೊಳ್ಳಿ. "ಟಿಎಸ್‌ಐ ಎಲ್ಲಾ ಒಂದೇ" ಅನ್ನುವ ಮಾತು ನಂಬಬೇಡಿ. ತಣ್ಣಗಿದ್ದಾಗ ಐಡಲ್ ನಡುಗಿ, ಬಿಸಿಯಾದ ಮೇಲೆ ಸರಿಹೋದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಇರಬಹುದು. ಇನ್‌ಟೇಕ್ ವಾಲ್ವ್ ಮೇಲೆ ಕೂತ ಕಾರ್ಬನ್ ಕೂಡ ಇರಬಹುದು. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುವುದರಿಂದ ಈ ವಾಲ್ವ್‌ಗಳನ್ನು ತೊಳೆಯಲು ಅಲ್ಲಿ ಏನೂ ಹರಿಯುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲೇ ಕೂಲೆಂಟ್ ಡಬ್ಬಿ ನೋಡಿರಬೇಕು. ನೀರು ಗುಲಾಬಿ ಅಥವಾ ನೇರಳೆ ಬಣ್ಣದಲ್ಲಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಯಾರೋ ಬೋರ್‌ವೆಲ್ ನೀರೋ ಬೇರೆ ಕೂಲೆಂಟೋ ಬೆರೆಸಿದ್ದಾರೆ. ಪೈಪ್ ಜೋಡಣೆಗಳ ಸುತ್ತ ಒಣಗಿದ ಗುಲಾಬಿ ಪುಡಿ ಕಂಡರೆ ಅಲ್ಲಿ ಸೋರಿಕೆ ಇದೆ. ಈ ಪಾಠ ನಾನು ಕಲಿತದ್ದು ದುಡ್ಡು ತೆತ್ತೇ. ನನ್ನ ಕಾರಿಗೆ ಒಂದು ಗ್ಯಾರೇಜಿನಲ್ಲಿ "ಟಾಪ್ ಅಪ್ ಮಾಡಿದೀವಿ ಸರ್" ಅಂತ ಹಸಿರು ಕೂಲೆಂಟ್ ಸುರಿದಿದ್ದರು. ಎರಡು ತಿಂಗಳ ಮೇಲೆ ಮುಚ್ಚಳ ತೆಗೆದರೆ ಒಳಗೆ ರಾಗಿ ಗಂಜಿ.

ಹಂತ 5: ಗೇರ್‌ಬಾಕ್ಸ್ ಪರೀಕ್ಷೆ, ಕನಿಷ್ಠ ಒಂದು ಗಂಟೆ

ಇಲ್ಲಿ ಅವಸರ ಮಾಡಿದವರೇ ಆಮೇಲೆ ನನಗೆ ಫೋನ್ ಮಾಡುವವರು. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇದರ ಒಳಗೇನಿದೆ ಅಂತ ಸ್ವಲ್ಪ ತಿಳಿದಿರಲಿ. ಈ ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇವೆ, ಎರಡೂ ಒಣ ಕ್ಲಚ್. ಅಂದರೆ ಆಯಿಲ್‌ನಲ್ಲಿ ಮುಳುಗಿಲ್ಲ. ಬಿಸಿ ಆದರೆ ತಣ್ಣಗಾಗಲು ಗಾಳಿಯೊಂದೇ ಗತಿ. ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನು ನೋಡಿಕೊಳ್ಳುತ್ತದೆ. ಇನ್ನೊಂದು 2, 4, 6 ಮತ್ತು ರಿವರ್ಸ್. ಇವೆರಡನ್ನೂ ಆಡಿಸುವ ಹೈಡ್ರಾಲಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಸೇರಿದ ಪೆಟ್ಟಿಗೆಯೇ ಮೆಕಟ್ರಾನಿಕ್ಸ್. ಈ ಜೋಡಿ ಲೆಕ್ಕ ನೆನಪಿದ್ದರೆ ಪತ್ತೆ ಸುಲಭ. ರಿವರ್ಸ್ ತಡವಾಗಿ ಬೀಳುತ್ತಿದೆ, ಎರಡನೇ ಗೇರಿಗೂ ಜರ್ಕ್ ಇದೆ ಅಂದರೆ ಎರಡೂ ಒಂದೇ ಮನೆಯ ಜಗಳ.

ಪರೀಕ್ಷೆ ಈ ಅನುಕ್ರಮದಲ್ಲಿ ಮಾಡಿ.

ಒಂದು: ಓಡಿಸುವ ಮೊದಲೇ ಸ್ಕ್ಯಾನ್. ಕೋಡ್ ಇದ್ದರೆ ಫೋಟೊ ತೆಗೆದುಕೊಳ್ಳಿ. ಕೋಡ್ ಒಂದೂ ಇಲ್ಲದೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ "ರೆಡಿನೆಸ್" ಪಟ್ಟಿಯಲ್ಲಿ ಬಹಳಷ್ಟು ಅಪೂರ್ಣ ಅಂತ ತೋರಿಸಿದರೆ, ಮೆಮೊರಿಯನ್ನು ಈಚೆಗೆ ಅಳಿಸಿರಬಹುದು ಅಥವಾ ಬ್ಯಾಟರಿ ತೆಗೆದು ಹಾಕಿರಬಹುದು. ಏಕೆ ಅಂತ ಕೇಳಿ. ಉತ್ತರಕ್ಕಿಂತ ಮುಖ ನೋಡಿ.

ಎರಡು: ತಣ್ಣಗಿರುವಾಗ ಪಿ (ಪಾರ್ಕ್) ಇಂದ ಆರ್ (ರಿವರ್ಸ್), ಆರ್ ಇಂದ ಡಿ (ಡ್ರೈವ್). ಬ್ರೇಕ್ ಬಿಟ್ಟರೆ ಕಾರು ಒಂದೆರಡು ಸೆಕೆಂಡಿನಲ್ಲಿ ನಯವಾಗಿ ಜರುಗಬೇಕು. ಠಣ್ ಅಂತ ಒದ್ದರೆ ಸರಿಯಿಲ್ಲ.

ಮೂರು: ಇಪ್ಪತ್ತು ನಿಮಿಷ ಟ್ರಾಫಿಕ್‌ನಲ್ಲೇ ಓಡಿಸಿ. ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ "ಪಿಕಪ್ ನೋಡಿ ಸರ್" ಅನ್ನುವವರ ಮಾತು ಕೇಳಬೇಡಿ. ಪಿಕಪ್ ಎಲ್ಲಾ ಜಿಟಿಯಲ್ಲೂ ಚೆನ್ನಾಗೇ ಇರುತ್ತದೆ. ಕ್ಲಚ್ ಬಿಸಿಯಾದ ಮೇಲೆ 1ರಿಂದ 2ಕ್ಕೆ, 2ರಿಂದ 1ಕ್ಕೆ ಬದಲಾಗುವಾಗ ಕಾರು ಥರಥರ ನಡುಗುತ್ತದೆಯೇ ಅನ್ನುವುದೇ ಪ್ರಶ್ನೆ. ಬಾಗಿಲ ಬದಿಯ ಪ್ಲಾಸ್ಟಿಕ್ ಮೇಲೆ ಮೊಣಕೈ ಇಟ್ಟಿರಿ, ನಡುಕ ಅಲ್ಲಿ ಮೊದಲು ತಿಳಿಯುತ್ತದೆ.

ನಾಲ್ಕು: ಬಿಸಿಯಾದ ಮೇಲೆ ಒಂದು ಬೇಸ್‌ಮೆಂಟ್ ರ‍್ಯಾಂಪ್ ಹುಡುಕಿ. ಅರ್ಧದಲ್ಲಿ ನಿಲ್ಲಿಸಿ ಮುಂದಕ್ಕೆ ಹತ್ತಿಸಿ. ಆಮೇಲೆ ತಿರುಗಿಸಿಕೊಂಡು ಬಂದು ರಿವರ್ಸ್‌ನಲ್ಲಿ ಹತ್ತಿಸಿ. ನಾನು ನನ್ನ ಮೊದಲ ಜಿಟಿ ಕೊಂಡಾಗ ಮಾಡದೆ ಬಿಟ್ಟ ಪರೀಕ್ಷೆ ಇದೊಂದೇ. ಎರಡನೇ ವಾರ ನಮ್ಮ ಅಪಾರ್ಟ್‌ಮೆಂಟಿನ ರ‍್ಯಾಂಪ್‌ನಲ್ಲಿ ಹಿಂದೆ ಮೂರು ಕಾರು ಹಾರ್ನ್ ಹೊಡೆಯುತ್ತಿರುವಾಗ ಗಾಡಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಸರಿಯಾಗಿ ಏರಲಿಲ್ಲ. ಸೆಕ್ಯುರಿಟಿ ಅಂಕಲ್ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಹತ್ತು ನಿಮಿಷದ ಪರೀಕ್ಷೆ ತಪ್ಪಿಸಿದ್ದು ನಾನೇ, ಯಾರನ್ನು ಬೈಯುವುದು?

ಐದು: ಮ್ಯಾನ್ಯುಯಲ್ ಮೋಡ್‌ಗೆ ತಳ್ಳಿ, 1ರಿಂದ 7ರವರೆಗೆ ಒಂದೊಂದೇ ಗೇರು ಏರಿಸಿ. 7ನೇ ಗೇರು ಬೀಳಲು ಹೆದ್ದಾರಿ ವೇಗ ಬೇಕು, ರಸ್ತೆ ನೋಡಿಕೊಂಡು ಮಾಡಿ. ಯಾವುದಾದರೂ ಗೇರನ್ನು ಹಾರಿಸಿ ಹೋದರೆ, ಪರದೆಯಲ್ಲಿ ಗೇರಿನ ಅಕ್ಷರ ಮಿಣುಕಿದರೆ, ಅಲ್ಲಿಗೆ ಮಾತು ಮುಗಿಯಿತು.

ಆರು: ವಾಪಸ್ ಬಂದು ಎಂಜಿನ್ ಬಿಸಿ ಇರುವಾಗಲೇ ಮತ್ತೆ ಸ್ಕ್ಯಾನ್. ಬೆಳಿಗ್ಗೆ ಇಲ್ಲದ ಕೋಡ್ ಈಗ ಬಂದಿದೆಯೇ? ಕ್ಲಚ್ ಅಡಾಪ್ಟೇಶನ್ ಸಂಖ್ಯೆಗಳನ್ನೂ ಮೆಕ್ಯಾನಿಕ್ ಓದಲಿ. ಕ್ಲಚ್ ಎಷ್ಟು ಸವೆದಿದೆ ಅನ್ನುವ ಅಂದಾಜು ಅಲ್ಲಿಂದ ಸಿಗುತ್ತದೆ.

"ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ರೆ ಸರಿಹೋಗುತ್ತೆ" ಅಂದರೆ, ಮಾಡಿಸಿ ಆಮೇಲೆ ಕರೆಯಿರಿ ಅನ್ನಿ. ಅಷ್ಟು ಸುಲಭವಾಗಿದ್ದರೆ ಅವರೇ ಮಾಡಿಸಿ ಇನ್ನೂ ಜಾಸ್ತಿ ಬೆಲೆಗೆ ಮಾರುತ್ತಿದ್ದರು, ಅಲ್ವಾ?

ಹಂತ 6: ಕಾಗದ ಪತ್ರ

ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೂ ಆರ್‌ಸಿಯಲ್ಲಿರುವುದಕ್ಕೂ ಅಕ್ಷರ ಅಕ್ಷರ ಹೋಲಿಸಿ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಬೇಕು. "ಸಾಲ ತೀರಿದೆ" ಅನ್ನುವುದು ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಬಾಕಿ ಟ್ರಾಫಿಕ್ ದಂಡ ಮಾರುವವರೇ ಕಟ್ಟಲಿ. ಜಿಟಿ ಅಂದಮೇಲೆ ದಂಡ ಇಲ್ಲದಿರುವುದು ಅಪರೂಪ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಕ್ಯಾಮರಾ ಎಲ್ಲವನ್ನೂ ನೋಡುತ್ತಿರುತ್ತದೆ.

ಬೇರೆ ರಾಜ್ಯದ ನಂಬರ್ ಇದ್ದು ಬೆಲೆ ಕಡಿಮೆ ಕಂಡರೆ ಹಿಗ್ಗಬೇಡಿ. ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್, ಹೊಸ ಕೆಎ ನಂಬರ್, ಓಡಾಟ, ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಎಷ್ಟೋ ಸಲ ಇಲ್ಲಿಯ ಕಾರೇ ಅಗ್ಗ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಿ. ಹಳೇ ಓನರ್ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಕ್ಕ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ನಿಮಗೆ ಬರುವುದಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಅಂದರೆ 2013ರ ಗಾಡಿ 2028ರಲ್ಲಿ ಫಿಟ್ನೆಸ್ ಮಾಡಿಸಿ ನವೀಕರಿಸಬೇಕು. ಬೆಲೆ ಮಾತಾಡುವಾಗ ಇದನ್ನೂ ಎತ್ತಿ.

ಹಂತ 7: ಮೊದಲ ತಿಂಗಳು

ಕಾರು ಮನೆಗೆ ಬಂತು. ಪೂಜೆ ಆಯಿತು, ನಿಂಬೆಹಣ್ಣು ಚಕ್ರದ ಕೆಳಗೆ ಅಪ್ಪಚ್ಚಿ ಆಯಿತು. ಈಗ ಹಳೇ ಬಿಲ್ ಏನೇ ಹೇಳಲಿ, ಎಲ್ಲ ಸೊನ್ನೆಯಿಂದ ಶುರು ಮಾಡಿ.

ಮೊದಲ ವಾರ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಸ್ಪಾರ್ಕ್ ಪ್ಲಗ್. ಆಯಿಲ್ ಡಬ್ಬಿಯ ಮೇಲೆ ಬ್ರ್ಯಾಂಡ್ ಯಾವುದಾದರೂ ಇರಲಿ, ವಿಡಬ್ಲ್ಯೂ 502 00 ಒಪ್ಪಿಗೆ ಬರೆದಿರಬೇಕು. "5ಡಬ್ಲ್ಯೂ-40 ಇದ್ರೆ ಆಯ್ತು ಸರ್" ಅನ್ನುವುದು ಅರ್ಧ ಸತ್ಯ, ಅದು ಆಯಿಲ್‌ನ ದಪ್ಪ ಮಾತ್ರ ಹೇಳುತ್ತದೆ. ಹಳೇ ಆಯಿಲ್‌ನಲ್ಲಿ ಮಿನುಗುವ ಲೋಹದ ಪುಡಿ ಇದೆಯೇ ಅಂತ ಟಿಶ್ಯೂ ಮೇಲೆ ಹನಿಸಿ ಬಿಸಿಲಿಗೆ ಹಿಡಿದು ನೋಡಿ.

ಎರಡನೇ ವಾರ ಕೂಲೆಂಟ್ ಪೂರ್ತಿ ತೆಗೆದು, ಡಿಸ್ಟಿಲ್ಡ್ ವಾಟರ್ ಬೆರೆಸಿದ ಸರಿಯಾದ ಕೂಲೆಂಟ್. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷಕ್ಕೊಮ್ಮೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಿನ ಡ್ರಮ್ ಬಿಚ್ಚಿ ಧೂಳು ತೆಗೆಯಲು ಯಾರೂ ಹೇಳುವುದಿಲ್ಲ, ನೀವು ಹೇಳಿ.

ಮೂರನೇ ವಾರ ಕೆಳಭಾಗ. ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್. ಹಂಪ್ ಮೇಲೆ ನಿಧಾನಕ್ಕೆ ಹೋಗುವಾಗ ಕಟಕಟ ಅಂದರೆ ಇವುಗಳಲ್ಲೊಂದು. ನಮ್ಮ ರಸ್ತೆಯಲ್ಲಿ ಇವು ಸವೆಯುವ ವಸ್ತುಗಳೇ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನ ಬಿಡಿಭಾಗಗಳ ಪೇಟೆ ಜೆಸಿ ರೋಡ್‌ನಲ್ಲಿ ಒರಿಜಿನಲ್ ಅಂತ ಕೊಡುವುದನ್ನು ಕಣ್ಣುಮುಚ್ಚಿ ತರಬೇಡಿ. ಹಳೇ ಭಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ, ಭಾಗದ ನಂಬರ್ ಹೋಲಿಸಿ, ಬಿಲ್ ಕೇಳಿ.

ಟೈರ್ ಮತ್ತು ಅಲೈನ್‌ಮೆಂಟ್ ಕೊನೆಗೆ. ಬುಷ್ ಹೊಸದು ಹಾಕುವ ಮೊದಲೇ ಅಲೈನ್‌ಮೆಂಟ್ ಮಾಡಿಸಿ ಎರಡು ಸಲ ದುಡ್ಡು ಕೊಟ್ಟವರು ಬಹಳ. ಟೈರಿನ ಬದಿಯಲ್ಲಿರುವ ನಾಲ್ಕಂಕಿ ನೋಡಿ: 2319 ಅಂದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ಜೋರು ಓಡಿಸುವ ಕಾರಿಗೆ ಅದು ಬೇಡ.

ನೀವೇ ಚಕ್ರ ಬಿಚ್ಚುವುದಾದರೆ ಒಂದು ಮಾತು. ಇದರಲ್ಲಿ ನಟ್ ಅಲ್ಲ, ಬೋಲ್ಟ್. ಕೈಯಲ್ಲೇ ಮೊದಲು ಸುತ್ತಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ 120 ಎನ್‌ಎಂ. ಟೈರ್ ಅಂಗಡಿಯ ಏರ್ ಗನ್ ಕೊಟ್ಟು ಬಿಗಿದರೆ ಮುಂದೆ ಪಂಕ್ಚರ್ ಆದ ರಾತ್ರಿ ನೀವು ಸ್ಪ್ಯಾನರ್ ಮೇಲೆ ಹತ್ತಿ ನಿಂತರೂ ಬೋಲ್ಟ್ ಅಲ್ಲಾಡುವುದಿಲ್ಲ. ಆರು ಮೂಲೆಯ ನಕ್ಷತ್ರದಂಥ ತುದಿಯ ಟಾರ್ಕ್ಸ್ ಬಿಟ್ ಸೆಟ್ ಒಂದು ಕೊಂಡಿಡಿ, ಈ ಕಾರಿನಲ್ಲಿ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್‌ಗೆ ಕೆಲಸ ಕಡಿಮೆ.

ಗೇರ್ ಆಯಿಲ್? ಕಂಪನಿ ಪ್ರಕಾರ ಅದು ಜೀವನಪೂರ್ತಿ. ಗೇರುಗಳ ಆಯಿಲ್ ಬೇರೆ, ಮೆಕಟ್ರಾನಿಕ್ಸ್ ಆಯಿಲ್ ಬೇರೆ. ಇವೆರಡರ ವ್ಯತ್ಯಾಸ ಹೇಳಲು ಬಾರದ ಗ್ಯಾರೇಜಿಗೆ ಗೇರ್‌ಬಾಕ್ಸ್ ಮುಟ್ಟಲು ಬಿಡಬೇಡಿ.

ಹಂತ 8: ಟ್ರಾಫಿಕ್‌ನಲ್ಲಿ ಓಡಿಸುವ ರೀತಿ

ಕ್ಲಚ್ ಸಾಯುವುದು 150ರಲ್ಲಿ ಓಡಿಸಿದಾಗಲ್ಲ, 5ರಲ್ಲಿ ತೆವಳಿಸಿದಾಗ. ಬ್ರೇಕ್ ಅರ್ಧ ಬಿಟ್ಟು, ಇಂಚಿಂಚೇ ಮುಂದಕ್ಕೆ ಹೋಗುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಬಿಸಿ ಏರುವುದು ಅಲ್ಲೇ.

ಹಾಗಾಗಿ ನಿಂತರೆ ಪೂರ್ತಿ ನಿಲ್ಲಿ. ಬ್ರೇಕ್ ಗಟ್ಟಿಯಾಗಿ ಒತ್ತಿದ್ದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಮುಂದಿನವರು ಒಂದೂವರೆ ಕಾರಿನಷ್ಟು ಜಾಗ ಕೊಡುವವರೆಗೆ ಕಾಯಿರಿ, ಆಮೇಲೆ ಒಂದೇ ಸಲ ಹೋಗಿ ನಿಲ್ಲಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ, ಗೊತ್ತು. ನುಗ್ಗಲಿ, ಅವರು ನಿಮ್ಮ ಕ್ಲಚ್ ಬಿಲ್ ಕಟ್ಟುವುದಿಲ್ಲ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳಬೇಡಿ. ಬ್ರೇಕ್‌ನಲ್ಲೇ ನಿಲ್ಲಿಸಿ. ಹಿಲ್ ಹೋಲ್ಡ್ ಕಾಲು ಬದಲಾಯಿಸುವಷ್ಟು ಹೊತ್ತು ಮಾತ್ರ ಹಿಡಿಯುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಮ್ಯಾನ್ಯುಯಲ್‌ಗೆ ಹಾಕಿ ಎರಡು ಅಥವಾ ಮೂರರಲ್ಲಿ ಇಳಿಯಿರಿ, ಹಿಂದಿನ ಡ್ರಮ್ ನಿಮಗೆ ಋಣಿ. ಜೋರಾಗಿ ಓಡಿಸಿ ಬಂದು ತಕ್ಷಣ ಕೀ ತಿರುಗಿಸಬೇಡಿ, ಕೊನೆಯ ಎರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ, ಟರ್ಬೊ ತಣ್ಣಗಾಗಲಿ. ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಿದರೆ ಗಾಬರಿ ಬೇಡ, ಅದರ ಕೆಲಸವೇ ಅದು.

ಹಂತ 9: ವರ್ಷವಿಡೀ

ಕಂಪನಿ ಹೇಳುವುದು 15,000 ಕಿ.ಮೀ. ಅಥವಾ ಒಂದು ವರ್ಷ. ಹಳೇ ಟರ್ಬೊ ಎಂಜಿನ್, ಬೆಂಗಳೂರು ಟ್ರಾಫಿಕ್ ಅಂದಾಗ ನಾನು ಆಯಿಲನ್ನು 7,500ಕ್ಕೇ ಬದಲಾಯಿಸುತ್ತೇನೆ. ಸಾವಿರ ಕಿ.ಮೀ.ಗೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ ಪುಸ್ತಕದಲ್ಲಿ ಬರೆದಿಡಿ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಏನು ಹೇಳುತ್ತದೋ ಅದಕ್ಕಿಂತ ಕಡಿಮೆ ಆಕ್ಟೇನ್ ಬೇಡ. ಈಗ ಬಂಕ್‌ಗಳಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಈ ಕಾರು ಮಾಡಿದ್ದಲ್ಲ. ವರ್ಷಕ್ಕೊಮ್ಮೆ ಫ್ಯುಯೆಲ್ ಪೈಪ್‌ಗಳನ್ನು ಬಗ್ಗಿಸಿ ಬಿರುಕು ನೋಡಿ. ತಿಂಗಳುಗಟ್ಟಲೆ ತುಂಬಿದ ಟ್ಯಾಂಕ್‌ನಲ್ಲಿ ನಿಲ್ಲಿಸಬೇಡಿ.

ಎಸಿ ಸಿಗ್ನಲ್‌ನಲ್ಲಿ ಬೆಚ್ಚಗಾದರೆ ಗ್ಯಾಸ್ ಮತ್ತು ಫ್ಯಾನ್ ನೋಡಿಸಿ. ಬಾಗಿಲು ಮುಚ್ಚಿದ್ದರೂ "ತೆರೆದಿದೆ" ಅಂತ ತೋರಿಸಿದರೆ ಲಾಕ್ ಒಳಗಿನ ಸ್ವಿಚ್. ಕಿರಿಕಿರಿ ಅಷ್ಟೇ, ಅಪಾಯವಿಲ್ಲ.

ಹಂತ 10: ಮಾಡಿಫಿಕೇಶನ್

ಎಲ್ಲಾ ಮುಗಿದು, ಆರು ತಿಂಗಳು ಕಾಟ ಕೊಡದೆ ಓಡಿದ ಮೇಲೆ. ಮೊದಲು ಒಳ್ಳೆ ಟೈರ್, ಆಮೇಲೆ ಒಳ್ಳೆ ಬ್ರೇಕ್ ಪ್ಯಾಡ್. ಇವೆರಡರಿಂದ ಕಾರು ಬದಲಾಗುವಷ್ಟು ಇನ್ನಾವುದರಿಂದಲೂ ಬದಲಾಗುವುದಿಲ್ಲ.

ರೀಮ್ಯಾಪ್ ಮಾಡಿಸಬೇಕು ಅನ್ನುವವರಿಗೆ ಒಂದೇ ಲೆಕ್ಕ. ಈ ಗೇರ್‌ಬಾಕ್ಸ್ ತಡೆಯುವ ಗರಿಷ್ಠ ಟಾರ್ಕ್ 250 ಎನ್‌ಎಂ. 175ಕ್ಕೂ 250ಕ್ಕೂ ನಡುವೆ ಜಾಗ ಇದೆ ಅನಿಸುತ್ತದೆ. ಆದರೆ ಆ 250 ಹೊಸ ಕ್ಲಚ್‌ನದ್ದು, ಹತ್ತು ವರ್ಷ ಸಿಗ್ನಲ್‌ನಲ್ಲಿ ತೆವಳಿದ ಕ್ಲಚ್‌ನದ್ದಲ್ಲ. ಮಾಡಿಸಿದರೆ ಇನ್ಶೂರೆನ್ಸ್‌ನವರಿಗೆ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ದಿನ ಅದೇ ನೆಪ. ಜೋರು ಸದ್ದಿನ ಸೈಲೆನ್ಸರ್‌ಗೆ ಪೊಲೀಸರು ದಂಡ ಹಾಕುತ್ತಾರೆ, ನೆರೆಮನೆಯವರು ಶಾಪ ಹಾಕುತ್ತಾರೆ. ನಿಜವಾಗಲೂ ಓಡಿಸಿ ನೋಡುವ ಆಸೆ ಇದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ ನಡೆಯುವಾಗ ಹೋಗಿ. ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ಸೈಕಲ್‌ನವರು ಇರುತ್ತಾರೆ.

ಗಾಡಿ ನಿಲ್ಲಿಸಲೇಬೇಕಾದ ಲಕ್ಷಣಗಳು

ಚೆಕ್ ಎಂಜಿನ್ ದೀಪ ಸುಮ್ನೆ ಉರಿದರೆ ಮನೆ ತಲುಪಬಹುದು. ಮಿಣುಕುತ್ತಿದ್ದರೆ ಸಿಲಿಂಡರ್ ಮಿಸ್ ಆಗುತ್ತಿದೆ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಬದಿಗೆ ಹಾಕಿ ನಿಲ್ಲಿಸಿ.

ಕೆಂಪು ಆಯಿಲ್ ದೀಪ ಬಂದರೆ ಇನ್ನೊಂದು ಸಿಗ್ನಲ್‌ವರೆಗೂ ಬೇಡ, ಅಲ್ಲೇ ಆಫ್.

ಕೂಲೆಂಟ್ ಎಚ್ಚರಿಕೆ ಬಂದರೆ ನಿಲ್ಲಿಸಿ, ಅರ್ಧ ಗಂಟೆಯಾದರೂ ತಣ್ಣಗಾಗಲು ಬಿಟ್ಟು ಆಮೇಲೆ ಮುಚ್ಚಳ.

ಗೇರಿನ ಅಕ್ಷರ ಮಿಣುಕಿ, ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಆಫ್ ಮಾಡಿ ಆನ್ ಮಾಡಿದಾಗ ಸರಿಹೋಗಬಹುದು. ಸರಿಹೋಯಿತು ಅಂತ ಮರೆತುಬಿಡಬೇಡಿ. ಆ ಹೊತ್ತಿನ ಕಿಲೋಮೀಟರ್, ಬಿಸಿಲು ಇತ್ತೋ ಇಲ್ಲವೋ, ಯಾವ ಗೇರು, ಎಲ್ಲ ಬರೆದುಕೊಂಡು ಕೋಡ್ ಅಳಿಯುವ ಮೊದಲೇ ಸ್ಕ್ಯಾನ್ ಮಾಡಿಸಿ. ಮತ್ತೆ ಬಂದರೆ ಹಗ್ಗ ಕಟ್ಟಿ ಎಳೆಸಬೇಡಿ. ಮುಂದಿನ ಚಕ್ರ ನೆಲಕ್ಕೆ ತಾಗಿ ತಿರುಗಿದರೆ ಗೇರ್‌ಬಾಕ್ಸ್ ಒಳಗೂ ತಿರುಗುತ್ತದೆ. ನಾಲ್ಕೂ ಚಕ್ರ ಮೇಲೆ ಹತ್ತಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯವರ ನಂಬರ್ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.